ಮ್ಯೂನಿಕ್‌ನಲ್ಲಿ ಗಣೇಶನ ಮದುವೆ

2024ರಲ್ಲಿ ಗೌರಿ ಹಬ್ಬ ಶುಕ್ರವಾರ, ಚೌತಿ ಶನಿವಾರ ಬಂತು. ಜರ್ಮನಿಯಲ್ಲಿ ಇರುವವರಿಗೆ ಇದಕ್ಕಿಂತ ದೊಡ್ಡ ವರ ಬೇಕಾ? ಇಲ್ಲಿ ನಮ್ಮ ಹಬ್ಬಕ್ಕೆ ಯಾರೂ ರಜೆ ಕೊಡುವುದಿಲ್ಲ. ಚೌತಿ ಬುಧವಾರ ಬಿತ್ತು ಅಂದರೆ ಆಫೀಸಿನಿಂದ ನಾವು ಬರುವ ತನಕ ಗಣಪತಿಯೂ ಕಾಯಬೇಕು.

ಆ ವರ್ಷ ಅಪ್ಪ ಅಮ್ಮನೂ ಶಿವಮೊಗ್ಗದಿಂದ ಬಂದಿದ್ದರು. ಅಮ್ಮನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜಾಸ್ತಿ ಇದ್ದದ್ದು ಹುರಿದು ಬೀಸಿದ ಉದ್ದಿನ ಹಿಟ್ಟು, ಎಳ್ಳು, ಇಂಗು, ಜೊತೆಗೆ ಅಜ್ಜಿಯ ಕಾಲದ ಹಿತ್ತಾಳೆಯ ಚಕ್ಕುಲಿ ಒರಳು. ಏರ್‌ಪೋರ್ಟ್ ಸ್ಕ್ಯಾನರಿನಲ್ಲಿ ಅದು ಏನಾಗಿ ಕಂಡಿತೋ, ದೇವರೇ ಬಲ್ಲ.

ಪೂಜೆ ಬೇಗ ಮುಗಿಯಿತು. ಮಣ್ಣಿನ ಪುಟ್ಟ ಗಣಪ, ಕಡುಬು, ಸ್ಯಮಂತಕ ಮಣಿಯ ಕಥೆ. ಚೌತಿ ಚಂದ್ರನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ ಎಂದು ಅಮ್ಮ ಸಂಜೆಯೇ ಪರದೆ ಎಳೆದರು. ಸೆಪ್ಟೆಂಬರ್ ಸಂಜೆ ಈ ಊರಿನಲ್ಲಿ ಚೌತಿ ಚಂದ್ರ ತುಂಬಾ ಕೆಳಗಿರುತ್ತಾನೆ. ಎದುರು ಬಿಲ್ಡಿಂಗಿನ ಮರೆಯಲ್ಲೇ ಮುಳುಗಿಹೋಗುತ್ತಾನೆ. ಅಮ್ಮನಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಚಕ್ಕುಲಿ ಹಿಂದಿನ ರಾತ್ರಿಯೇ ಆಗಿತ್ತು. ಅಮ್ಮನ ಲೆಕ್ಕ ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಉದ್ದಿನ ಹಿಟ್ಟು. ಬೆಣ್ಣೆ ಕಾಯಿಸಿ ಹಾಕಬೇಕು. ಅದು ಜಾಸ್ತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಕಲ್ಲಾಗುತ್ತದೆ. ಹಿಟ್ಟು ಪರವಾಗಿಲ್ಲ, ಜಗಳ ಇದ್ದದ್ದು ಒಲೆಯ ಜೊತೆ. ಇಲ್ಲಿನ ಕರೆಂಟ್ ಒಲೆಯಲ್ಲಿ ಉರಿ ತಗ್ಗಿಸಿದರೂ ಕಾವು ತಗ್ಗುವುದಕ್ಕೆ ಹೊತ್ತು ಬೇಕು. ಅಮ್ಮ ಅದಕ್ಕೂ ದಾರಿ ಕಂಡುಕೊಂಡರು. ಎಣ್ಣೆ ಜಾಸ್ತಿ ಕಾದಾಗಲೆಲ್ಲ ಬಾಣಲೆಯನ್ನೇ ಪಕ್ಕಕ್ಕೆ ಇಳಿಸಿಬಿಡುವುದು. ಎಣ್ಣೆಯ ನೊರೆ ಅಡಗಿದರೆ ಬೆಂದಿತು ಅಂತ. ನನ್ನ ಮಗಳು ಫೋನಿನಲ್ಲಿ ಟೈಮರ್ ಇಟ್ಟಿದ್ದಳು, ಅಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಶನಿವಾರ ಊಟ ಆದ ಮೇಲೆ ಅಪ್ಪ, "ಹಾಕೇ ಗಣೇಶನ ಮದುವೆ" ಅಂದರು. ಫಣಿ ರಾಮಚಂದ್ರ ಅವರ 1990ರ ಸಿನಿಮಾ. ಅನಂತ್ ನಾಗ್ ವಠಾರದಲ್ಲಿ ಬಾಡಿಗೆಗೆ ಇರುವವನು, ವಿನಯಾ ಪ್ರಸಾದ್ ಓನರ್ ಮಗಳು. ಎದುರಾದರೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೆ ರೇಡಿಯೊದಲ್ಲಿ ಹಾಡುವ ಶ್ರುತಿ ಎಂಬುವಳಿಗೆ ಇವನು ಪತ್ರ ಬರೆದು ಬರೆದು ಮನಸ್ಸು ಕೊಟ್ಟಿರುತ್ತಾನೆ. ಆ ಶ್ರುತಿ ಯಾರು ಅಂತ ನೋಡುವವರಿಗೆಲ್ಲ ಗೊತ್ತು, ಇವನಿಗೆ ಮಾತ್ರ ಗೊತ್ತಿಲ್ಲ.

ಮಕ್ಕಳಿಗೆ ಇದು ಅರ್ಥವಾಗುತ್ತಾ ಅಂತ ನನಗೆ ಅನುಮಾನವಿತ್ತು. ವಠಾರ ಅಂದರೇನು, ಮುಖ ನೋಡದೆ ಪತ್ರದಲ್ಲೇ ಪ್ರೀತಿ ಹೇಗೆ, ಎಲ್ಲ ವಿವರಿಸಲು ತಯಾರಾಗಿ ಕೂತಿದ್ದೆ. ಮಗ ಮೊದಲೇ ಕೇಳಿದ, "ಮುಖ ನೋಡದೆ ಮೆಸೇಜ್ ಮಾಡೋದು, ಅಷ್ಟೇ ತಾನೆ?" ಅಲ್ಲಿಗೆ ನನ್ನ ಪಾಠ ಮುಗಿಯಿತು.

ಅವರಿಗೆ ತುಂಬಾ ಹಿಡಿಸಿದ್ದು ಮುಖ್ಯಮಂತ್ರಿ ಚಂದ್ರು ಮಾಡಿದ ಓನರ್ ರಮಣಮೂರ್ತಿ. ಆ ಹಾರಾಟ, ಆ ಕೂಗಾಟ! ಇಲ್ಲಿ ನಮ್ಮ ಓನರ್ ಮುಖವನ್ನು ಮಕ್ಕಳು ನೋಡಿಯೇ ಇಲ್ಲ. ಮೆಟ್ಟಿಲ ಹತ್ತಿರ ಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ, ಹೌಸ್‌ಆರ್ಡ್ನುಂಗ್ ಅಂತ. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು, ಸೈಕಲ್ ಇಲ್ಲಿ ನಿಲ್ಲಿಸಬಾರದು, ಕಸ ಹೀಗೆ ಬೇರ್ಪಡಿಸಬೇಕು. ಮಗಳು ಆವತ್ತಿನಿಂದ ಆ ಕಾಗದಕ್ಕೆ ರಮಣಮೂರ್ತಿ ಅಂತಲೇ ಹೆಸರಿಟ್ಟಿದ್ದಾಳೆ.

ಸಿನಿಮಾಗೂ ಚಕ್ಕುಲಿಗೂ ಮಾತ್ರ ಹೊಂದಾಣಿಕೆ ಆಗಲಿಲ್ಲ. ಒಬ್ಬರು ಕಡಿದರೆ ಸಾಕು, ಇನ್ನೊಬ್ಬರಿಗೆ ಡೈಲಾಗ್ ಕೇಳುವುದಿಲ್ಲ. ಅನಂತ್ ನಾಗ್ ಕಾಮಿಡಿ ಇರುವುದೇ ಆ ಮೆಲುದನಿಯಲ್ಲಿ, ಏನೂ ಆಗಿಲ್ಲವೆನ್ನುವ ಮುಖದಲ್ಲಿ. ಹಿಂದಕ್ಕೆ ಹಾಕು ಅನ್ನುವುದು, ಮತ್ತೆ ಕಟಂ. ಕೊನೆಗೆ ಅಪ್ಪ ಒಂದು ಕಾನೂನು ಮಾಡಿದರು: ಹಾಡು ಬಂದಾಗ ಮಾತ್ರ ಚಕ್ಕುಲಿ ತಿನ್ನಬೇಕು. ರಾಜನ್-ನಾಗೇಂದ್ರ ಅವರ ಸಂಗೀತಕ್ಕೆ ನಮ್ಮ ಮನೆಯವರೆಲ್ಲ ಸೇರಿ ತಾಳ ಹಾಕಿದ ಹಾಗಾಯಿತು. ಕಾನೂನು ಮಾಡಿದವರು ಮಾತ್ರ ಡೈಲಾಗಿನ ಮಧ್ಯೆ ಕದ್ದು ತಿನ್ನುತ್ತಿದ್ದರು. ಸಾಲದ್ದಕ್ಕೆ ಮುಂದೆ ಬರುವ ಮಾತನ್ನು ಮೊದಲೇ ಹೇಳಿಬಿಡುವ ಚಟ ಬೇರೆ. "ನೀವೇ ಹೇಳೋದಾದ್ರೆ ಟೀವಿ ಆಫ್ ಮಾಡಿಬಿಡ್ಲಾ?" ಅಂತ ಅಮ್ಮ ರೇಗಿದರು.

ಸಿನಿಮಾ ಮುಗಿಯುವ ಹೊತ್ತಿಗೆ ಹತ್ತು ಗಂಟೆ ಸಮೀಪ. ಎಲ್ಲರೂ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದೆವು. ಕೆಳಗಿನ ಮನೆಯ ಅಜ್ಜಿಗೆ ಮಧ್ಯಾಹ್ನವೇ ಒಂದು ತಟ್ಟೆ ಚಕ್ಕುಲಿ ಕೊಟ್ಟಿದ್ದೆ. ಅದು ಲಂಚ ಅಂತ ನನ್ನ ಗಂಡನ ಅಭಿಪ್ರಾಯ.

ಅಪ್ಪನಿಗೆ ಇನ್ನೂ ತೃಪ್ತಿಯಿಲ್ಲ. "1991ರದ್ದು ಗೌರಿ ಗಣೇಶ ಇದೆಯಲ್ಲ, ಅದೂ ಫಣಿ ರಾಮಚಂದ್ರಂದೇ. ಹೆಸರಲ್ಲೇ ಹಬ್ಬ ಇದೆ. ನಾಳೆ ಭಾನುವಾರ, ಹೇಗೂ ಅಂಗಡಿಗಳೆಲ್ಲ ಮುಚ್ಚಿರ್ತವೆ" ಅಂದರು. ಅನ್ನುತ್ತಲೇ ಡಬ್ಬಿಗೆ ಕೈ ಹಾಕಿದರು. ತಳದಲ್ಲಿ ಬರೀ ಚೂರು.

"ನೋಡಿ, ಯಾರು ಬೇಡ ಅಂದ್ರು?" ಅಂದರು ಅಮ್ಮ, ಒರಳು ತಂದು ಅವರ ಮುಂದಿಟ್ಟು. "ಈ ಸಲ ನೀವೇ ಒತ್ತಿ."