ಮೋಟರ್ ಇಲ್ದೆ ಮೇಲೇರೋ ನೀರು

ಕರೆಂಟ್ ಹೋದ್ರೆ ಸಂಪ್ ತುಂಬ ನೀರಿದ್ರೂ ಓವರ್‌ಹೆಡ್ ಟ್ಯಾಂಕಿಗೆ ಒಂದ್ ಹನಿ ಏರಲ್ಲ, ಆದ್ರೆ ಪಕ್ಕದ ಸೈಟಿನ ತೆಂಗಿನಮರ ನೋಡಿ, ಅಷ್ಟು ಎತ್ತರದ ಗರಿಗಳಿಗೆ ಯಾವ ಮೋಟರೂ ಇಲ್ದೆ ನೀರು ಏರಿಸ್ತಾನೇ ಇರುತ್ತೆ. ಯೋಚಿಸಿದಾಗೆಲ್ಲ ಮೈ ಜುಮ್ ಅನ್ಸುತ್ತೆ ನಂಗೆ. ಬಾವಿ ಮೇಲಿಟ್ಟ ಪಂಪು ಎಷ್ಟೇ ಪವರ್‌ದು ಇರ್ಲಿ, ಸುಮಾರು 10 ಮೀಟರ್‌ಗಿಂತ ಕೆಳಗಿರೋ ನೀರನ್ನ ಹೀರಿ ಎಳೆಯೋಕಾಗಲ್ಲ, ಗಾಳಿಯ ಒತ್ತಡ ನೀರನ್ನ ಮೇಲಕ್ಕೆ ತಳ್ಳಬಲ್ಲದ್ದು ಅಷ್ಟೆತ್ತರಕ್ಕೇ, ಅದಕ್ಕೇ ಬೋರ್‌ವೆಲ್‌ಗೆ ಪಂಪನ್ನ ಒಳಗೇ ಇಳಿಸಿ ಕೆಳಗಿಂದ ತಳ್ಳಿಸೋದು.

ಮರ ಹೆಂಗೆ ಮಾಡುತ್ತೆ ಅಂದ್ರೆ, ಬಿಸಿಲಿಗೆ ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗ್ತಾ ಇರುತ್ತೆ, ನೀರಿನ ಒಂದೊಂದು ಅಣುವೂ ಪಕ್ಕದ್ದನ್ನ ಹೈಡ್ರೋಜನ್ ಬಂಧ ಅನ್ನೋ ಸೆಳೆತದಿಂದ ಹಿಡ್ಕೊಂಡಿರುತ್ತಲ್ಲ, ಜಾತ್ರೇಲಿ ಕೈಕೈ ಹಿಡ್ಕೊಂಡ ಮಕ್ಕಳ ಸಾಲಿನ ಥರ, ಮೇಲಿನದು ಹೋಗೋವಾಗ ಕೆಳಗಿನದನ್ನೂ ಎಳ್ಕೊಂಡು ಬರುತ್ತೆ, ಹಿಂಗೇ ಬೇರಿನ ತನಕ ಒಂದೇ ಎಳೆ. 1894ರಲ್ಲಿ ಡಬ್ಲಿನ್‌ನ ಡಿಕ್ಸನ್ ಮತ್ತು ಜೋಲಿ ಅನ್ನೋ ವಿಜ್ಞಾನಿಗಳು ಇದನ್ನ ಹೇಳಿದ್ರು. ಕ್ಯಾಲಿಫೋರ್ನಿಯಾದಲ್ಲಿ 110 ಮೀಟರ್ ದಾಟಿದ ರೆಡ್‌ವುಡ್ ಮರಗಳಿವೆ, ಅವುಗಳ ತುದಿಗೂ ನೀರು ಹೋಗೋದು ಹಿಂಗೇ. ನೀರಿಗೆ ಈ ಅಂಟ್ಕೊಳೋ ಗುಣ ಇಲ್ದೇ ಹೋಗಿದ್ರೆ ಇಷ್ಟೆತ್ತರದ ಕಾಡೇ ಇರ್ತಿರ್ಲಿಲ್ವೇನೋ!

ಇನ್ನೊಂದು ವಿಷ್ಯ, ಬೇರು ಹೀರಿದ ನೀರಲ್ಲಿ ಮರ ತನಗಂತ ಇಟ್ಕೊಳ್ಳೋದು ತುಂಬಾ ಕಮ್ಮಿ, ಬಹುಪಾಲು ಗಾಳಿಗೇ ಬಿಡುತ್ತೆ, ಆವಿಯಾಗೋವಾಗ ಸುತ್ತಲಿನ ಶಾಖಾನೂ ಹೀರ್ಕೊಳ್ಳುತ್ತೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟ್ ಕೆಳಗೂ ನೆರಳಿರುತ್ತೆ, ಹೊಂಗೆ ಮರದ ಕೆಳಗೂ ನೆರಳಿರುತ್ತೆ, ಎರಡೂ ಕಡೆ ಐದೈದು ನಿಮಿಷ ನಿಂತ್ರೆ ಸಾಕು, ವ್ಯತ್ಯಾಸ ಮೈಗೇ ಗೊತ್ತಾಗುತ್ತೆ.