ಅವ್ವನ ಕೆಮ್ಮಿಗೂ ಮೆಕ್ಸಿಕೊಗೂ ಏನು ಸಂಬಂಧ ಅಂದ್ರೆ

ದಾವಣಗೆರೆಲಿ ನಂದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಐತೆ. ಊರಲ್ಲಿ ಮೆಡಿಕಲ್ ಕಾಲೇಜ್ ಇರೋದ್ರಿಂದ ವರ್ಷಕ್ಕೊಂದ್ಸಲ ಪಿಜಿ ಹುಡುಗ್ರ ಥೀಸಿಸ್ ಸೀಸನ್ ಬರ್ತೈತೆ, ಆಗ ರಾತ್ರಿ ಹನ್ನೊಂದರ ತನಕ ಶಟರ್ ಅರ್ಧ ಎಳ್ಕೊಂಡು ಮಾರ್ಜಿನ್ ಸರಿ ಮಾಡೋದು, ಎರಡು ಪೇಜಿಗೆ ಹರಿದಿರೋ ಟೇಬಲ್ಲನ್ನ ಒಂದಕ್ಕೆ ತರೋದು, ರೆಫರೆನ್ಸ್ ನಂಬರ್ ಚಿಕ್ಕದು ಮಾಡಿ ಮೇಲಕ್ಕೆ ಏರಿಸೋದು, ಇದೇ ಕೆಲಸ. ಒಳಗೆ ಏನು ಬರ್ದಿದಾರೆ ಅಂತ ಓದಕ್ಕೆ ಹೋಗಲ್ಲ. ಓದ್ಕೊಂಡು ಕೂತ್ರೆ ಬೆಳಗ್ಗೆ ಬೈಂಡಿಂಗ್ ಆಗಲ್ಲ.

ಹೋದ ಸೀಸನ್ನಲ್ಲಿ ಒಬ್ರು ಡಾಕ್ಟ್ರಮ್ಮ ಒಂದು ಥೀಸಿಸ್ ತಂದ್ರು, ಬೀಡಿ ಸಿಗರೇಟ್ ಸೇದದೇ ಇರೋ ಹೆಂಗಸರಲ್ಲಿ ಸಿಒಪಿಡಿ ಅಂತ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟೋ, ಪೂರ್ತಿ ವಾಸಿಯಾಗದ ಕಾಯಿಲೆ. ಪೇಶೆಂಟ್ಸ್ ಎಲ್ಲ ಹರಿಹರ, ಜಗಳೂರು, ಚನ್ನಗಿರಿ ಕಡೇರು. ಆದ್ರೆ ಎರಡನೇ ಚಾಪ್ಟರಲ್ಲಿ ಎಲ್ಲಿ ನೋಡಿದ್ರೂ ಮೆಕ್ಸಿಕೊ. ತಡೀಲಾರದೆ ಕೇಳೇಬಿಟ್ಟೆ, "ಮೇಡಂ, ಜಗಳೂರಿನ ಹೆಂಗಸರ ಮಧ್ಯೆ ಈ ಮೆಕ್ಸಿಕೊದೋರು ಯಾಕೆ ಬಂದ್ರು?" ಅವರು ನಗ್ತಾ, "ಅಣ್ಣ, ಒಲೆ ಮುಂದೆ ಕೂತ ಹೆಂಗಸರ ಎದೆ ಲೆಕ್ಕನ ಅವರು ಬಾಳ ವರ್ಷದಿಂದ ಬರೆದಿಟ್ಟಿದಾರೆ, ನೀವೇ ಓದಿ ನೋಡಿ, ಹಂಗೇ ಸ್ಪೆಲಿಂಗ್ ಮಿಸ್ಟೇಕ್ ಕಂಡ್ರೂ ಹೇಳಿ" ಅಂದ್ರು. ಓದಿದೆ. ಅವತ್ತು ಸ್ಪೆಲಿಂಗ್ ಒಂದೂ ಕಾಣಲಿಲ್ಲ, ನಮ್ಮವ್ವನೇ ಕಂಡ್ಳು.

ನಮ್ಮವ್ವ ಹದಿನೇಳು ವರ್ಷ ಮಂಡಕ್ಕಿ ಭಟ್ಟೀಲಿ ಕೆಲಸ ಮಾಡಿದೋಳು. ದಾವಣಗೆರೆ ಮಂಡಕ್ಕಿ, ಮೆಣಸಿನಕಾಯಿ ಅಂದ್ರೆ ಎಲ್ರಿಗೂ ಬಾಯಲ್ಲಿ ನೀರು, ಆದ್ರೆ ಆ ಭಟ್ಟಿ ಒಳಗೆ ಒಂದ್ಸಲ ಹೋಗಿ ನಿಂತ್ಕೊಳ್ಳಿ ಗೊತ್ತಾಗ್ತೈತೆ, ಕೆಳಗೆ ಹೊಟ್ಟು, ಸೌದೆ ಉರಿ, ಮೇಲೆ ಕಾದ ಮರಳು, ಕಣ್ಣು ಬಿಡಕ್ಕಾಗಲ್ಲ. ಅಲ್ಲಿಂದ ಬಂದು ಮನೇಲಿ ಮತ್ತೆ ಸೌದೆ ಒಲೆ, ರೊಟ್ಟಿ. ಕೆಮ್ಮು ಶುರುವಾದಾಗಿಂದ ಒಬ್ಬ ಡಾಕ್ಟ್ರು ಚೀಟಿ ಮೇಲೆ ಆಸ್ತಮಾ ಅಂತ ಬರೀತಾನೇ ಬಂದ್ರು, ಒಂದು ವರ್ಷ ಎರಡು ವರ್ಷ ಅಲ್ಲ, ಹನ್ನೊಂದು ವರ್ಷ, ಒಂದೇ ಒಂದ್ಸಲ ಊದಿಸಿ ನೋಡಲಿಲ್ಲ. ಆಮೇಲೆ ಬೇರೆ ಕಡೆ ಸ್ಪೈರೋಮೆಟ್ರಿ, ಅಂದ್ರೆ ಪೈಪಿಗೆ ಊದಿಸಿ ಎದೆ ಗಾಳಿ ಅಳೆಯೋ ಟೆಸ್ಟ್, ಮಾಡಿಸಿದ್ವಿ. ಟೆಕ್ನೀಶಿಯನ್ ಹುಡುಗ ಪೈಪ್ ಕೈಗೆ ಕೊಟ್ಟು, "ಅಜ್ಜಿ, ಜೋರಾಗಿ ಊದಿ, ಊದಿ, ಊದಿ, ಇನ್ನೂ, ಇನ್ನೂ" ಅಂತ ಕೂಗ್ತಿದ್ರೆ ಇವಳು ಪೈಪ್ ತಿರುಗಿಸಿ ನೋಡಿ, "ಇದು ಊದುಗೊಳವಿ ಇದ್ದಂಗೇ ಐತಲ್ಲೋ, ಬೆಂಕಿ ಎಲ್ಲಿ?" ಅಂದ್ಳು. ಹುಡುಗ ನಕ್ಕ, ಇವಳೂ ನಕ್ಳು, ನಕ್ಕಿದ್ದಕ್ಕೆ ಕೆಮ್ಮು ಬಂತು, ಟೆಸ್ಟ್ ಮತ್ತೆ ಮೊದಲಿಂದ. ಉಸಿರಿನ ಪಂಪ್, ಅದೇ ಇನ್ಹೇಲರ್, ಹೊಡೆಸಿ ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದ್ರೂ ಗೆರೆ ಜಾಸ್ತಿ ಏಳಲಿಲ್ಲ, ಆಸ್ತಮಾ ಆಗಿದ್ರೆ ಸಾಮಾನ್ಯವಾಗಿ ಏಳ್ತೈತಂತೆ. ಅವಾಗ್ಲೇ ಸಿಒಪಿಡಿ ಅನ್ನೋ ಪದ ನಮ್ಮನೆಗೆ ಬಂದಿದ್ದು.

ಈಗ ಥೀಸಿಸ್ಸಿಗೆ ಬರ್ತೀನಿ. ಮೆಕ್ಸಿಕೊ ಸಿಟಿಲಿ ಐಎನ್ಇಆರ್ ಅಂತ ಸರ್ಕಾರದ ಒಂದು ದೊಡ್ಡ ಸಂಸ್ಥೆ ಐತೆ, ಬರೀ ಶ್ವಾಸಕೋಶದ ಕಾಯಿಲೆಗೆ. 1936ರಲ್ಲಿ ವಿಪುಲ್ಕೊ ಅನ್ನೋ ಜಾಗದಲ್ಲಿ ಟಿಬಿ ಪೇಶೆಂಟ್‌ಗಳಿಗೆ ಅಂತ ಶುರುವಾಗಿದ್ದು. 2009ರಲ್ಲಿ ಹಂದಿಜ್ವರ ಬಂತಲ್ಲ, ಅದರ ಮೊದಲ ಪೇಶೆಂಟ್‌ಗಳನ್ನ ನೋಡಿದ ಆಸ್ಪತ್ರೆಗಳಲ್ಲಿ ಇದೂ ಒಂದು. ಹದಿನೆಂಟು ಜನರ ನ್ಯುಮೋನಿಯಾ ವಿವರ ಅದೇ ವರ್ಷ ಬರೆದು ಜಗತ್ತಿಗೆ ಕೊಟ್ರು, ಅದರಲ್ಲಿ ಏಳು ಜನ ಸತ್ತಿದ್ರು, ಅರ್ಧಕ್ಕಿಂತ ಜಾಸ್ತಿ 13ರಿಂದ 47 ವಯಸ್ಸಿನೋರು. ಗಟ್ಟಿಮುಟ್ಟಾಗಿ ಓಡಾಡೋ ವಯಸ್ಸು.

ನನಗೆ ಹಿಡಿಸಿದ್ದು ಅದೇ ಸಂಸ್ಥೆಯ 1996ರ ಒಂದು ಸ್ಟಡಿ. ನಲವತ್ತು ದಾಟಿದ ಹೆಂಗಸರನ್ನ ಕೂರಿಸ್ಕೊಂಡು ಕೇಳಿದಾರೆ, ಸೌದೆ ಒಲೆ ಮುಂದೆ ಎಷ್ಟು ವರ್ಷ ಕೂತಿದೀರಿ, ದಿನಕ್ಕೆ ಎಷ್ಟು ಗಂಟೆ ಅಂತ. ಎರಡನ್ನೂ ಗುಣಿಸಿದ್ರೆ ಬರೋದು ಗಂಟೆ-ವರ್ಷ. ಸಿಗರೇಟಿಗೆ ದಿನಕ್ಕೆಷ್ಟು ಪ್ಯಾಕು, ಎಷ್ಟು ವರ್ಷ ಅಂತ ಲೆಕ್ಕ ಹಾಕ್ತಾರಲ್ಲ, ಹಂಗೆ. ಲೆಕ್ಕ ಏರಿದಷ್ಟೂ ಕಫದ ಕೆಮ್ಮು, ಕ್ರಾನಿಕ್ ಬ್ರಾಂಕೈಟಿಸ್ ಏರ್ತಾ ಹೋಗ್ತೈತೆ, 200 ದಾಟಿದೋರ ಸಾಲು ನೋಡಿ ನನಗೆ ಎದೆ ಝಲ್ ಅಂತು. ಮೌಸ್ ಬಿಟ್ಟು ಕ್ಯಾಲ್ಕುಲೇಟರ್ ತಗೊಂಡೆ. ಮನೆ ಒಲೆ ದಿನಕ್ಕೆ ನಾಲ್ಕು ಗಂಟೆ, ಮೂವತ್ತು ವರ್ಷ, 120. ಭಟ್ಟಿ ಆರು ಗಂಟೆ, ಹದಿನೇಳು ವರ್ಷ, 102. ಒಟ್ಟು 222. ಅವರು ಕೇಳಿದ್ದು ಬರೀ ಅಡುಗೆ ಒಲೆ ಲೆಕ್ಕ, ಭಟ್ಟೀದು ನಾನು ಸೇರಿಸಿದ್ದು, ಡಾಕ್ಟ್ರಮ್ಮ ನೋಡಿದ್ರೆ ಮೆಥಡ್ ತಪ್ಪು ಅಂತಾರೆ, ಆದ್ರೂ ಅವ್ವನ ಎದೆಗೆ ಭಟ್ಟಿ ಹೊಗೆ ಬೇರೆ, ಒಲೆ ಹೊಗೆ ಬೇರೆ ಅಂತ ಗೊತ್ತಿತ್ತಾ?

ಆ ಹನ್ನೊಂದು ವರ್ಷದ ಸಿಟ್ಟು ಇತ್ತಲ್ಲ, ಅದು ಇನ್ನೊಂದು ಪುಟ ಓದಿದ ಮೇಲೆ ಸ್ವಲ್ಪ ಇಳೀತು, ಪೂರ್ತಿ ಅಲ್ಲ. ಪ್ಲಾಟಿನೊ ಅಂತ ಒಂದು ದೊಡ್ಡ ಸರ್ವೆ, 2005ರಲ್ಲಿ ಬಂದಿದ್ದು, ಲ್ಯಾಟಿನ್ ಅಮೆರಿಕದ ಐದು ಸಿಟಿಲಿ ನಲವತ್ತು ದಾಟಿದೋರ ಮನೆಗೇ ಹೋಗಿ ಊದಿಸಿ ನೋಡಿದಾರೆ. ಮೆಕ್ಸಿಕೊ ಸಿಟಿಲಿ 7.8 ಪರ್ಸೆಂಟ್ ಜನಕ್ಕೆ ಸಿಒಪಿಡಿ, ಉರುಗ್ವೆ ದೇಶದ ಮೊಂಟೆವಿಡಿಯೊದಲ್ಲಿ 19.7. ಆ ಐದೂ ಸಿಟಿಲಿ ಸಿಕ್ಕಿಬಿದ್ದೋರಲ್ಲಿ ಹತ್ತಕ್ಕೆ ಹೆಚ್ಚುಕಮ್ಮಿ ಒಂಬತ್ತು ಜನಕ್ಕೆ ಅದಕ್ಕೂ ಮುಂಚೆ ಯಾವ ಡಾಕ್ಟ್ರೂ ಹೇಳೇ ಇರಲಿಲ್ಲ.

ಒಲೆ ಬದಲಾಯಿಸಿದ್ರೆ ಏನಾಗ್ತೈತೆ ಅಂತಾನೂ ನೋಡಿದಾರೆ ನೋಡಿ, ಇದು ಮಾತ್ರ ಥೇಟ್ ನಮ್ಮನೆ ಕಥೆ. ಮೆಕ್ಸಿಕೊದ ಮಿಚೊವಾಕಾನ್ ಅನ್ನೋ ರಾಜ್ಯದ ಹಳ್ಳಿಗಳಲ್ಲಿ 552 ಹೆಂಗಸರು. ಅರ್ಧ ಮನೆಗಳಿಗೆ ಪತ್ಸಾರಿ ಅಂತ ಚಿಮಣಿ ಇರೋ ಸೌದೆ ಒಲೆ ಕಟ್ಟಿಸಿಕೊಟ್ರು, ಉಳಿದೋರು ಹಳೇ ಬಯಲು ಒಲೆಲೇ. ತಿಂಗಳು ತಿಂಗಳು ಹೋಗಿ ವಿಚಾರಿಸಿದ್ರು. ಹೊಸ ಒಲೆ ನಿಜವಾಗ್ಲೂ ಬಳಸಿದೋರಿಗೆ ಕೆಮ್ಮು, ಗೊರಗೊರ ಕಮ್ಮಿ ಆಗಿತ್ತು, ಮೊದಲ ಸೆಕೆಂಡಲ್ಲಿ ಊದೋ ಗಾಳಿ ಒಂದು ವರ್ಷದಲ್ಲಿ 31 ಎಂಎಲ್ ಮಾತ್ರ ಇಳೀತು, ಹಳೇ ಒಲೆಯೋರಿಗೆ 62. ಆದ್ರೆ ಒಲೆ ಸಿಕ್ಕೋರಲ್ಲಿ ಅದನ್ನೇ ಮುಖ್ಯವಾಗಿ ಬಳಸಿದೋರು ಬರೀ 30 ಪರ್ಸೆಂಟ್!

ನಾನು ಬೈಯಲ್ಲಪ್ಪ ಅವರನ್ನ. ನಮ್ಮನೆಗೆ ಗ್ಯಾಸ್ ಬಂದು ಎಂಟು ವರ್ಷ ಆಯ್ತು. ಟೀ ಗ್ಯಾಸ್ ಮೇಲೆ, ಅನ್ನ ಗ್ಯಾಸ್ ಮೇಲೆ, ರೊಟ್ಟಿ ಬಂದ್ರೆ ಹಿತ್ತಲಿಗೆ. ಕೇಳಿದ್ರೆ, "ಗ್ಯಾಸಿನ ಮೇಲೆ ರೊಟ್ಟಿ ಬೇಯ್ತೈತೆ, ಉಬ್ಬಲ್ಲ" ಅಂತಾಳೆ. ಹಂಚಿಂದ ತೆಗೆದು ಕೆಂಡದ ಪಕ್ಕ ಓರೆಯಾಗಿ ನಿಲ್ಲಿಸಿದ್ರೆ ರೊಟ್ಟಿ ಹೊಟ್ಟೆ ಉಬ್ಬಿಸ್ಕೊಂಡು ನಿಲ್ತೈತಲ್ಲ, ಅಂಚಲ್ಲಿ ಕಪ್ಪು ಚುಕ್ಕೆ ಬಿದ್ದು, ನಿಜ ಹೇಳಬೇಕು ಅಂದ್ರೆ ನನಗೂ ಅದೇ ಬೇಕು. ಸಿಲಿಂಡರ್ ರೇಟ್ ಬೇರೆ. ಆ 30 ಪರ್ಸೆಂಟ್ ಅನ್ನೋ ನಂಬರ್ ಹಿಂದೆ ಎಷ್ಟು ಅಡುಗೆಮನೆ ಜಗಳ ಇರ್ಬೋದು ಅಂತ ನನಗೆ ಗೊತ್ತು.

ಸಮಾಧಾನ ಆಗಿದ್ದು ಒಂದೇ ಕಡೆ. ಅದೇ ಐಎನ್ಇಆರ್‌ನೋರು ಹದಿನೈದು ವರ್ಷ ಪೇಶೆಂಟ್‌ಗಳ ಹಿಂದೆ ಬಿದ್ದು 2014ರಲ್ಲಿ ಬರೆದಿದಾರೆ, ಸಿಗರೇಟಿನ ಸಿಒಪಿಡಿಲಿ ಆ ಮೊದಲ ಸೆಕೆಂಡಿನ ಗಾಳಿ ವರ್ಷಕ್ಕೆ ಸರಾಸರಿ 42 ಎಂಎಲ್ ಇಳಿದ್ರೆ ಒಲೆ ಹೊಗೆಯೋರಿಗೆ 23. ನಿಧಾನ. ಆ ಪುಟದ್ದು ಒಂದು ಜೆರಾಕ್ಸ್ ಜಾಸ್ತಿ ತೆಗೆದು ಇಟ್ಕೊಂಡೆ, ಡಾಕ್ಟ್ರಮ್ಮಂಗೆ ಹೇಳ್ಬೇಡಿ.

ಅಂದಹಾಗೆ ಅಲರ್ಜಿ ವಿಷಯದಲ್ಲೂ ಮೆಕ್ಸಿಕೊಗೂ ನಮಗೂ ಹಳೇ ನಂಟು. ನಮ್ಮ ಬೈಪಾಸ್ ಪಕ್ಕ, ಖಾಲಿ ಸೈಟ್ ತುಂಬ ಬೆಳೆಯೋ ಕಾಂಗ್ರೆಸ್ ಗಿಡ ಐತಲ್ಲ, ಮುಟ್ಟಿದ್ರೆ ಕಡಿತ, ಹೂ ಬಿಟ್ರೆ ಸೀನು, ಅದು ಮೂಲತಃ ಆ ಕಡೇದೇ. ಅದನ್ನ ತಿನ್ನಲಿ ಅಂತ ಮೆಕ್ಸಿಕೊದಿಂದಾನೇ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ರು. ಮಳೆಗಾಲದಲ್ಲಿ ಎಲೆ ತಿಂದು ತೂತು ಮಾಡಿರೋದು ಕಾಣ್ತೈತೆ, ಗಿಡ ಏನೂ ಕಮ್ಮಿ ಆದಂಗೆ ಕಾಣಲ್ಲ.

ಮೊನ್ನೆ ರಾತ್ರಿ ಅವ್ವಂಗೆ ಇದೆಲ್ಲ ಹೇಳ್ತಾ ಕೂತಿದ್ದೆ. ಗಂಟೆ-ವರ್ಷ, ಪರ್ಸೆಂಟು ಯಾವುದೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಪಂಪ್ ಮುಚ್ಚಳ ಹುಡುಕ್ತಾ, "ಆ ಹೆಂಗಸ್ರೂ ರೊಟ್ಟಿ ಬಡೀತಾರಾ?" ಅಂದ್ಳು.

"ಹೂಂ, ಮೆಕ್ಕೆಜೋಳದ್ದು."

"ಅಯ್ಯ, ಅದು ಕೋಳಿಗೆ ಹಾಕೋದಲ್ಲೇನೋ?"

"ಅವರಿಗೆ ಅದೇ ಊಟ ಕಣವ್ವ. ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ಆಮೇಲೆ ರುಬ್ತಾರೆ."

ಮುಚ್ಚಳ ಸಿಕ್ತು. ಎರಡು ಸಲ ಪಂಪ್ ಎಳ್ಕೊಂಡು, ಬಾಯಿ ಮುಕ್ಕಳಿಸಿ ಬಂದು, "ಸುಣ್ಣ ಅಂದ್ರೆ, ಎಲೆಅಡಿಕೆಗೆ ಹಚ್ತೀವಲ್ಲ, ಅದೇನಾ?" ಅಂದ್ಳು.