102 ಸೆಂಟಿಮೀಟರಿನ ಅಪ್ಪ

ಒಂಬತ್ತನೇ ಕ್ಲಾಸಿನವರಿಗೆ ಈ ವಾರ ಶಿಲ್ಪಿ ರಾನ್ ಮ್ಯೂಕ್ ಬಗ್ಗೆ ಹುಡುಕಿಕೊಂಡು ಬನ್ನಿ ಅಂದಿದ್ದೆ. 1958ರಲ್ಲಿ ನಮ್ಮ ಮೆಲ್ಬರ್ನ್‌ನಲ್ಲೇ ಹುಟ್ಟಿದವನು, ಮೊದಲು ಟಿವಿ, ಸಿನಿಮಾಗಳಿಗೆ ಗೊಂಬೆ ಮಾಡುತ್ತಿದ್ದವನು. (ಹಾಸನದವಳು ನಾನು, ಈಗ 'ನಮ್ಮ ಮೆಲ್ಬರ್ನ್' ಅನ್ನೋ ಮಟ್ಟಕ್ಕೆ ಬಂದಿದ್ದೀನಿ. ಇರಲಿ.)

ಮಕ್ಕಳು ರಾಶಿ ರಾಶಿ ಫೋಟೊ ತಂದರು. ಗಡ್ಡದ ಕೂಳೆ, ಚರ್ಮದ ಸುಕ್ಕು, ಉಗುರಿನ ಅಂಚು, ಜೂಮ್ ಮಾಡಿ ತೋರಿಸಿದ್ದೇ ತೋರಿಸಿದ್ದು. ಅವನು ತನ್ನ ಸತ್ತ ಅಪ್ಪನನ್ನೇ ಶಿಲ್ಪವಾಗಿಸಿದ 'ಡೆಡ್ ಡ್ಯಾಡ್' ಎಷ್ಟುದ್ದ ಇದೆ ಅಂತ ಕೇಳಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. "ಮನುಷ್ಯರಷ್ಟೇ ಇರಬೇಕು ಮಿಸ್" ಅಂದಳು ಒಬ್ಬಳು. 1997ರಲ್ಲಿ ಲಂಡನ್ನಿನ 'ಸೆನ್ಸೇಷನ್' ಪ್ರದರ್ಶನದಲ್ಲಿತ್ತು ಅನ್ನೋದು ಎಲ್ಲರಿಗೂ ಬಾಯಿಪಾಠ. ಫೋಟೊ ಕೆಳಗಿನ ಸಣ್ಣಕ್ಷರದ ಸಾಲನ್ನು, ಅಂದರೆ ಸಾಮಗ್ರಿ, ಇಸವಿ, ಅಳತೆಯನ್ನು, ಯಾರೂ ಓದಿಲ್ಲ. ನಾನಂತೂ ಹುಡುಕಾಟ ಅಲ್ಲಿಂದಲೇ ಶುರುಮಾಡೋದು.

ಅಳೆದು ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದೆವು. 102 ಸೆಂಟಿಮೀಟರ್. ಅಷ್ಟೇ. ಬೆತ್ತಲೆಯಾಗಿ ಅಂಗಾತ ಮಲಗಿರುವ ಸತ್ತ ಅಪ್ಪ, ನಾಲ್ಕು ವರ್ಷದ ಮಗುವಿನಷ್ಟು. ಅವನ ಮೈಮೇಲೆ ನೆಟ್ಟ ಕೂದಲು ಮಗನದೇ. ಸದಾ ಗಿಜಿಗಿಜಿ ಅನ್ನೋ ಕ್ಲಾಸು ಸ್ವಲ್ಪ ಹೊತ್ತು ತಣ್ಣಗಾಯಿತು.

ಅದೇ ಶಿಲ್ಪಿಯ 'ಬಾಯ್' ಕುಕ್ಕರಗಾಲಲ್ಲಿ ಕೂತೇ ಸುಮಾರು ಐದು ಮೀಟರ್ ಎತ್ತರ. ನಮ್ಮ ಕ್ಲಾಸಿನ ಚಾವಣಿಗೆ ಅವನು ಹಿಡಿಸಲ್ಲ, ಅಂಗಳಕ್ಕೆ ಹೋಗಬೇಕು.

ಇವತ್ತು ಬೆಳಿಗ್ಗೆ ನೋಡಿದರೆ ಟೇಪ್ ಹಾಗೇ ಇದೆ. ಒಬ್ಬರೂ ದಾಟುತ್ತಿಲ್ಲ, ಬಳಸಿಕೊಂಡು ಓಡಾಡುತ್ತಿದ್ದಾರೆ.